ಹರಾಜಿನ ಬಾಟಲಿ

"ಯವ್ವಾ, ನೀ ಎಷ್ಟ ಅಂತೀ ಅಷ್ಟಕ್ಕ ನಿಲ್ಲಸ್ತೀನಿ" ಎಂದ ಮಗ. ಜರ್ಮನಿಯ ಟ್ರಿಯರ್ ಊರಿನ ಅವನ ಕೋಣೆಯಲ್ಲಿ, ಲಿಂಗಸುಗೂರಿನಿಂದ ಒಯ್ದ ಸಜ್ಜಿ ರೊಟ್ಟಿ ಮುರಿಯುತ್ತ ಕೂತಿದ್ದೆ. ಮಾತು ವೈನಿನ ಹರಾಜಿನದು. ಕುಡಿತದ ಸುದ್ದಿ ಬಂದರೆ ಎದ್ದು ಹೋಗುವವಳು ನಾನು. ಅದು ಅವನಿಗೂ ಗೊತ್ತು.

ಆದರೆ ಅವನ ಮನೆಯೊಡತಿ ಅಜ್ಜಿಗೆ ಎಂಬತ್ತು ತುಂಬುವುದರಲ್ಲಿತ್ತು. ಹಿಂದಿನ ಚಳಿಗಾಲ ಇವನು ನ್ಯುಮೋನಿಯಾ ಆಗಿ ಮಲಗಿದಾಗ ಹನ್ನೊಂದು ದಿನ ಆಕೆಯೇ ಉಣಿಸಿದ್ದಳು. ಹೆತ್ತವಳು ನಾನು ಇಲ್ಲಿ ಫೋನು ಹಿಡಿದು ಅತ್ತದ್ದಷ್ಟೇ. ಋಣ ತೀರಿಸಲೆಂದು ಇಳಕಲ್ಲ ಸೀರೆ ಒಯ್ದಿದ್ದೆ. ಪಾಪ, ಆಕೆ ಅದನ್ನು ಮೆಚ್ಚಿ ಊಟದ ಮೇಜಿನ ಮೇಲೆ ಹಾಸಿದಳು! ಆಕೆಗೆ ಇಷ್ಟವಾದದ್ದು ತನ್ನೂರಿನ ಬಿಳಿ ವೈನು, ರೀಸ್ಲಿಂಗ್. ಅದರಲ್ಲೂ ಹರಾಜಿನಲ್ಲಿ ಮಾತ್ರ ಸಿಗುವಂಥದು.

ಹರಾಜು ಎಂದ ಕೂಡಲೆ ನನಗೆ ಮಸ್ಕಿ ನೆನಪಾಗುತ್ತದೆ. ಅಪ್ಪ ಸಿಂಧನೂರಿನ ಅಕ್ಕಿ ಗಿರಣಿಯಲ್ಲಿ ಹಮಾಲಿ. ಶನಿವಾರ ಬಟವಡೆ ತಗೊಂಡು ಬಸ್ಸಿಳಿದರೆ ಮನೆಗೆ ಬರುವ ದಾರಿಯಲ್ಲೇ ಸಾರಾಯಿ ಅಂಗಡಿ. ಆಗ ಸಾರಾಯಿ ಮಾರುವ ಹಕ್ಕನ್ನು ಸರಕಾರ ವರ್ಷಕ್ಕೊಮ್ಮೆ ಹರಾಜು ಹಾಕುತ್ತಿತ್ತು. ಗುತ್ತಿಗೆದಾರ ಲಕ್ಷಗಟ್ಟಲೆ ಕೂಗಿ ಹಿಡಿದನೆಂಬ ಸುದ್ದಿ ಊರಿಗೆ ಬಂದರೆ ಗಂಡಸರು ಹಿರಿ ಹಿಗ್ಗುತ್ತಿದ್ದರು. ಅವ್ವ ಮಾತ್ರ ಒಲೆ ಊದುತ್ತ, "ಕೂಗಿದಾವರು ಅವರು, ರೊಕ್ಕ ಕಟ್ಟಾವರು ನಾವು" ಅನ್ನುತ್ತಿದ್ದಳು. ನಮ್ಮ ಮನೆಯ ತಾಮ್ರದ ಹಂಡೆ, ಎರಡು ಕೊಡ, ಅವ್ವನ ಬೋರಮಾಳ ಎಲ್ಲ ಆ ಲೆಕ್ಕಕ್ಕೇ ಜಮಾ ಆದವು. ಕಡೆಗೆ ಅಪ್ಪನೂ. 2007ರ ಜುಲೈ ಒಂದರಿಂದ ಸಾರಾಯಿ ನಿಂತಿತು. ಅಪ್ಪ ಹೋಗಿ ಆಗಲೇ ಹನ್ನೆರಡು ವರ್ಷವಾಗಿತ್ತು. ಸಾರಾಯಿ ಹೋದರೂ ಬ್ರಾಂದಿ ಅಂಗಡಿ ಉಳಿದವೆನ್ನಿ. 2019ರ ಜನವರಿಯಲ್ಲಿ ಮದ್ಯ ನಿಷೇಧ ಕೇಳಿ ಹೆಂಗಸರು ಚಿತ್ರದುರ್ಗದಿಂದ ಬೆಂಗಳೂರಿಗೆ ನಡೆದುಹೋಗಬೇಕಾಯಿತು.

ಅಂಥವಳು ನಾನು 2023ರ ಸೆಪ್ಟೆಂಬರಿನಲ್ಲಿ ಗಳಿಕೆ ರಜೆ ಹಾಕಿ ಹೋಗಿ ಆ ಹರಾಜಿನ ಸಭಾಂಗಣದಲ್ಲಿ ಕೂತಿದ್ದೆ! ಮೋಝೆಲ್ ಹೊಳೆಯ ಕಣಿವೆಯ ದ್ರಾಕ್ಷಿ ಬೆಳೆಗಾರರು 1908ರಲ್ಲಿ ಕಟ್ಟಿಕೊಂಡ ಸಂಘದ ಹರಾಜು ಅದು. ನಾವು ನೇರವಾಗಿ ಕೂಗುವಂತಿಲ್ಲ, ಸಿಂಧನೂರಿನ ಅಡತಿಯಂತೆ ದಲಾಲಿಗೇ ಹೇಳಬೇಕು. ಒಂದು ವೈನಿನ ಸವಾಲು ನಡೆಯುವಾಗ ಅದೇ ವೈನನ್ನು ಕೂತವರೆಲ್ಲರಿಗೂ ಚೂರು ಚೂರು ಸುರಿಯುತ್ತಾರೆ. ರುಚಿ ನೋಡಿ ಬೆಲೆ ಕಟ್ಟುವುದು. 2015ರಲ್ಲಿ ಇಲ್ಲಿ ಒಂದು ಬಾಟಲಿ 12,000 ಯೂರೋಕ್ಕೆ, ಅಂದರೆ ಎಂಟು ಲಕ್ಷ ರೂಪಾಯಿಗೂ ಮೇಲೆ, ಹೋಯಿತಂತೆ. ನನ್ನ ಎದೆ ಧಸಕ್ಕೆಂದಿತು.

ನಾನು ಕುಡಿಯಲಿಲ್ಲ, ಮೂಸಿದೆ. ಎಳೆ ನಿಂಬೆಕಾಯಿ ಸಿಪ್ಪೆಯ ವಾಸನೆ. ಸಾರಾಯಿಯ ಆ ಕಮಟು ಇರಲಿಲ್ಲ. ಹಿಂದಿನ ದಿನ ಮಗ ತೋಟ ತೋರಿಸಿದ್ದ. ಏಣಿಯಂಥ ಇಳಿಜಾರು, ನೆಲವೆಲ್ಲ ಪಾಟಿಕಲ್ಲಿನ ಚೂರು. ಹಗಲ ಬಿಸಿಲನ್ನು ಆ ಕಲ್ಲು ಹಿಡಿದಿಟ್ಟು ರಾತ್ರಿ ಬಳ್ಳಿಗೆ ಕೊಡುತ್ತದೆ. ಅದಕ್ಕೇ ಅಂಥ ಚಳಿಯಲ್ಲೂ ಹಣ್ಣು ಪಕ್ವವಾಗುತ್ತದೆ, ನಿಧಾನಕ್ಕೆ, ಹುಳಿ ಕಳಕೊಳ್ಳದೆ. ಮಸ್ಕಿಯ ಬಂಡೆಗಳೂ ರಾತ್ರಿಯೆಲ್ಲ ಕಾವು ಬಿಡುತ್ತವೆ, ನಾವು ಮಾಳಿಗೆ ಮೇಲೆ ಹೊರಳಾಡುತ್ತ ಅವನ್ನು ಬೈಯುತ್ತೇವೆ.

"ಎಪ್ಪತ್ತು ಯೂರೋ, ಅದರ ಮ್ಯಾಲ ಒಂದು ಪೈಸಾ ಇಲ್ಲ" ಎಂದಿದ್ದೆ. ಅರವತ್ತನಾಲ್ಕಕ್ಕೆ ನಿಂತಿತು. ದಲಾಲಿ, ತೆರಿಗೆ ಸೇರಿ ಎಂಬತ್ತರ ಹತ್ತಿರ. ನನ್ನ ಸಂಬಳದ ಏಳು ಸಾವಿರ ರೂಪಾಯಿ ಹೆಂಡಕ್ಕೆ! ಎಣಿಸುವಾಗ ಕೈ ನಡುಗಿದ್ದು ಸುಳ್ಳಲ್ಲ. ಮಗ ತಾನೇ ಕೊಡುತ್ತೇನೆಂದ, ನಾನು ಬಿಡಲಿಲ್ಲ.

ದೀಪಾವಳಿಗೆ ಮಸ್ಕಿಯಲ್ಲಿ ಅವ್ವನ ಹತ್ತಿರ ಇದ್ದಾಗ ಮಗನ ಫೋನು ಬಂತು. ಚಿತ್ರದಲ್ಲಿ ಅಜ್ಜಿ, ಮುಂದೆ ಬಾಟಲಿ, ಕೆಳಗೆ ನನ್ನ ಇಳಕಲ್ಲ ಸೀರೆ. ಅವ್ವ ಕನ್ನಡಕ ಏರಿಸಿ ಬಹಳ ಹೊತ್ತು ನೋಡಿದಳು.

"ಕುಡದಾಳೇನ ಆಕಿ?"

"ಹೂನವ್ವಾ, ಒಂದು ಗಿಲಾಸ."

"ಕುಡದು ಯಾರನ್ನರ ಬಡದಳೇನ?"

"ಇಲ್ಲಬೇ, ಹಾಡಾಕ ಹತ್ಯಾಳ."

ಅವ್ವ ಫೋನನ್ನು ಕಿವಿಗೆ ಒತ್ತಿಕೊಂಡು ಕೂತಳು.