ಊಟದ ರಿಯಾಯಿತಿ ಕಾರ್ಡೂ ಕುಂತೂರಿನ ಲೆಕ್ಕವೂ

ಕೊಳ್ಳೇಗಾಲ ತಾಲ್ಲೂಕಿನ ಕುಂತೂರಿನ ಹೆಸರು ಎರಡು ಕಾರಣಗಳಿಂದ ದೂರದವರ ಕಿವಿಗೂ ಬಿದ್ದಿರುತ್ತದೆ. ಒಂದು, ಅಲ್ಲಿನ ಮಠ. ದೇವರಗುಡ್ಡರು ಕಂಸಾಳೆ ಹಿಡಿದು ಹಾಡುವ ಮಲೆಯ ಮಹದೇಶ್ವರನ ಕಥೆಯಲ್ಲಿ, ಸ್ವಾಮಿಯು ಸುತ್ತೂರಿನ ಮಠದಲ್ಲಿ ರಾಗಿ ಬೀಸುವ ಕಾಯಕವನ್ನು ಮಾಡಿ, ಅನಂತರ ಕುಂತೂರಿನ ಮಠಕ್ಕೆ ಬಂದು, ಅಲ್ಲಿಂದ ಏಳುಮಲೆಯ ಕಡೆಗೆ ಹೊರಟನೆಂದು ಬರುತ್ತದೆ. ಇನ್ನೊಂದು, ಅಲ್ಲಿರುವ ಸಕ್ಕರೆಯ ಕಾರ್ಖಾನೆ. ಕಬ್ಬು ಅರೆಯುವ ಹಂಗಾಮು ಬಂದಿತೆಂದರೆ ಹೊರೆ ಹೇರಿದ ಲಾರಿಗಳೂ ಟ್ರ್ಯಾಕ್ಟರುಗಳೂ ಕಾರ್ಖಾನೆಯ ಮುಂದೆ ಸಾಲುಗಟ್ಟಿ ನಿಲ್ಲುವುವು. ಒಂದು ಹೆಸರು ದುಡಿದು ಉಣ್ಣುವುದನ್ನು ನೆನಪಿಗೆ ತರುತ್ತದೆ. ಇನ್ನೊಂದು, ಬೆಳೆದು ಕೊಟ್ಟು ಹಣಕ್ಕೆ ಕಾಯುವುದನ್ನು. ಈ ಲೇಖನದಲ್ಲಿ ಹೇಳಬೇಕಾಗಿರುವ ಚಿಕ್ಕ ವಿಷಯಕ್ಕೆ ಇವೆರಡೂ ಪ್ರಯೋಜನಕ್ಕೆ ಬರುವುವು.

ಇಂಥ ಊರಿನ ಸಂಸಾರವಂದಿಗರು ವರ್ಷಕ್ಕೊಮ್ಮೆ ಮಕ್ಕಳನ್ನು ಕರೆದುಕೊಂಡು ಹೊರಡುವ ಸಂಚಾರ ಸಾಮಾನ್ಯವಾಗಿ ಎರಡು ದಿಕ್ಕುಗಳಲ್ಲಿ ಒಂದನ್ನು ಹಿಡಿಯುತ್ತದೆ: ಹರಕೆಯಿದ್ದರೆ ಮಹದೇಶ್ವರನ ಬೆಟ್ಟ, ವಿನೋದಕ್ಕಾದರೆ ಮೈಸೂರು. 1956ರ ನವೆಂಬರ್ 1ರವರೆಗೆ ಕೊಳ್ಳೇಗಾಲದ ಸೀಮೆ ಮದರಾಸು ರಾಜ್ಯದ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ಆಗ ಮೈಸೂರೆಂದರೆ ಹತ್ತಿರವಿದ್ದೂ ಬೇರೆ ರಾಜ್ಯದ ಪಟ್ಟಣ. ಈಗ ಕೊಳ್ಳೇಗಾಲದಿಂದ ತಿರುಮಕೂಡಲು ನರಸೀಪುರದ ಮೇಲೆ ಸುಮಾರು 60 ಕಿಲೋಮೀಟರು ಹೋದರೆ ಮೈಸೂರು. ಕಾವೇರಿ ಕಪಿಲೆಯರು ಕೂಡುವ ಆ ನರಸೀಪುರದಲ್ಲಿ ಬಸ್ಸಿನ ಕಿಟಕಿಯಿಂದ ನದಿಗೆ ಕೈಮುಗಿಯುವ ಹಿರಿಯರೂ, ಮೈಸೂರು ಇನ್ನೆಷ್ಟು ದೂರವೆಂದು ಕೇಳುವ ಮಕ್ಕಳೂ ಒಂದೇ ಆಸನದಲ್ಲಿ ಕುಳಿತಿರುವರು. 2023ರ ಜೂನ್ 11ರಂದು ಶಕ್ತಿ ಯೋಜನೆ ಜಾರಿಗೆ ಬಂದ ಮೇಲೆ, ಸರ್ಕಾರದ ಸಾಮಾನ್ಯ ಬಸ್ಸುಗಳಲ್ಲಿ ರಾಜ್ಯದ ಹೆಂಗಸರಿಗೆ ಟಿಕೆಟ್ಟಿನ ಖರ್ಚು ತಪ್ಪಿತು. ಆದುದರಿಂದ ಈ ಬಗೆಯ ಪ್ರವಾಸದಲ್ಲಿ ದಾರಿಯ ವೆಚ್ಚ ತಗ್ಗಿ, ಪ್ರವೇಶಧನವೂ ಊಟದ ವೆಚ್ಚವೂ ಮುಂದಕ್ಕೆ ಬಂದು ನಿಂತಿವೆ.

ಮೈಸೂರಿನಲ್ಲಿ ನೋಡತಕ್ಕ ಸ್ಥಳಗಳಿಗೆ ಕೊರತೆಯಿಲ್ಲ. ಅರಮನೆಯುಂಟು, 1892ರಲ್ಲಿ ಸ್ಥಾಪಿತವಾದ ಮೃಗಾಲಯವುಂಟು, ಅದಕ್ಕೆ ಮಂಗಳವಾರ ರಜವೆಂಬುದನ್ನು ಮರೆಯಬಾರದು, ಸಂಜೆಗೆ ಕೃಷ್ಣರಾಜಸಾಗರದ ಬೃಂದಾವನವುಂಟು. ಆದರೆ ಈಚಿನ ಮಕ್ಕಳ ಬಾಯಲ್ಲಿ ಮೊದಲು ಬರುವುದು ಇವಾವುವೂ ಅಲ್ಲ. ಕೃಷ್ಣರಾಜಸಾಗರದ ರಸ್ತೆಯಲ್ಲಿರುವ ಜಿ.ಆರ್.ಎಸ್. ಫ್ಯಾಂಟಸಿ ಪಾರ್ಕು, ಇಲ್ಲವೆ ಬೆಂಗಳೂರಿನ ದಾರಿಯಲ್ಲಿ ಬಿಡದಿಯ ಬಳಿ 2005ರಲ್ಲಿ ಆರಂಭವಾದ ವಂಡರ್‌ಲಾ, ಇವುಗಳ ಹೆಸರನ್ನೇ ಅವರು ಜಪಿಸುವರು. ನೀರಿನ ಜಾರುಬಂಡೆಗಳು, ತಿರುಗುವ ತೊಟ್ಟಿಲುಗಳು, ಕೃತಕ ಅಲೆಗಳು ಇವೆಲ್ಲ ಒಂದೇ ಆವರಣದಲ್ಲಿ ದೊರೆಯುವುದರಿಂದ ಮಕ್ಕಳಿಗೆ ಅಲ್ಲಿ ಇಡೀ ದಿನವೂ ಸಾಲದು.

ಇಂಥ ವಿಹಾರೋದ್ಯಾನಗಳಲ್ಲಿ ಹೊರಗಿನ ತಿಂಡಿಯನ್ನು ಒಳಕ್ಕೆ ಬಿಡದಿರುವುದು ಸಾಮಾನ್ಯವಾದ ನಿಯಮ. ಬೆಳಗಿನ ಜಾವದಲ್ಲಿ ಎದ್ದು ಕಟ್ಟಿದ ಚಿತ್ರಾನ್ನ, ಮೊಸರನ್ನದ ಬುತ್ತಿ ಬಾಗಿಲಲ್ಲೇ ಉಳಿಯಬೇಕು. ನೀರಿನಲ್ಲಿ ಎರಡು ಗಂಟೆ ಆಡಿದ ಮಗುವಿನ ಹಸಿವೆಯಾದರೋ ಕಾಯತಕ್ಕದ್ದಲ್ಲ. ಆದುದರಿಂದ ಒಳಗಿನ ಭೋಜನಾಲಯದಲ್ಲಿ ಅಲ್ಲಿಯ ಬೆಲೆಗೆ ಉಣ್ಣುವುದು ಅನಿವಾರ್ಯವಾಗುತ್ತದೆ. ಈ ಅನಿವಾರ್ಯದ ಬೆನ್ನಿಗೇ ಹುಟ್ಟಿಕೊಂಡದ್ದು ರಿಯಾಯಿತಿ ಕಾರ್ಡು. ಮೊದಲು ಇಷ್ಟು ಹಣ ಕೊಟ್ಟು ಕಾರ್ಡನ್ನು ಕೊಂಡರೆ, ಒಂದು ವರ್ಷದವರೆಗೆ ಭೋಜನಾಲಯದ ಬಿಲ್ಲಿನಲ್ಲಿ ನೂರಕ್ಕೆ ಇಷ್ಟು ಬಿಟ್ಟುಕೊಡುವುದಾಗಿ ಹೇಳುವ ಪದ್ಧತಿಯಿದು. ಇದನ್ನು ಕೊಳ್ಳುವುದು ಲಾಭವೋ ನಷ್ಟವೋ ಎಂಬುದನ್ನು ಗೃಹಸ್ಥನು ಕೌಂಟರಿನ ಮುಂದೆ ನಿಂತು, ಹಿಂದಿನವರು ತಳ್ಳುತ್ತಿರುವಾಗ ಆಲೋಚಿಸುವುದಕ್ಕಿಂತ, ಮನೆಯ ಜಗಲಿಯ ಮೇಲೆ ಕುಳಿತು ನಿಧಾನವಾಗಿ ಆಲೋಚಿಸುವುದು ಮೇಲು.

ಲೆಕ್ಕವು ಕಠಿನವಲ್ಲ. ಉದಾಹರಣೆಗಾಗಿ ಕಾರ್ಡಿನ ಬೆಲೆ 1000 ರೂಪಾಯಿ, ರಿಯಾಯಿತಿ ನೂರಕ್ಕೆ 20 ಎಂದು ಭಾವಿಸೋಣ. ಹಾಗಾದರೆ 5000 ರೂಪಾಯಿಯಷ್ಟು ಊಟ ಮಾಡಿದ ಹೊರತು ಕೊಟ್ಟ ಹಣ ಹಿಂದಕ್ಕೆ ಬಾರದು. ಲಾಭವೆಂಬುದು ಅದರಿಂದ ಮುಂದೆ. ಐದು ಮಂದಿಯ ಸಂಸಾರಕ್ಕೆ ತಲೆಗೆ 300 ರೂಪಾಯಿಯಂತೆ ಒಂದು ಹೊತ್ತಿನ ಊಟಕ್ಕೆ 1500 ರೂಪಾಯಿ; ಅದರಲ್ಲಿ ಉಳಿಯುವುದು 300. ಮೂರು ಊಟಕ್ಕೆ 900 ಉಳಿದರೂ ಕಾರ್ಡಿನ ಬೆಲೆ ತೀರದು. ನಾಲ್ಕನೆಯ ಊಟದಲ್ಲಿ ಮಾತ್ರ 200 ರೂಪಾಯಿ ಕೈಗೆ ಹತ್ತುವುದು. ಕುಂತೂರಿನಿಂದ ವರ್ಷಕ್ಕೊಮ್ಮೆ ಹೋಗಿ ಒಂದು ಹೊತ್ತು ಉಂಡು ಬರುವವನು 300 ಉಳಿಸಲು 1000 ಕೊಟ್ಟಂತಾಯಿತು. ಅದೇ ಕಾರ್ಡು ಮೈಸೂರಿನಲ್ಲಿಯೇ ವಾಸವಾಗಿದ್ದು, ಬಂದ ನಂಟರನ್ನೆಲ್ಲ ಉದ್ಯಾನಕ್ಕೆ ಕರೆದೊಯ್ಯುವವನ ಕೈಯಲ್ಲಿದ್ದರೆ ಮಾತು ಬೇರೆ. ಹತ್ತು ಮಂದಿಯೊಡನೆ ಎರಡು ಸಲ ಕುಳಿತರೆ ಅವನಿಗೆ 1200 ಉಳಿಯುವುದು. ಕಾರ್ಡು ಒಂದೇ, ರಿಯಾಯಿತಿಯೂ ಒಂದೇ. ವ್ಯತ್ಯಾಸವೆಲ್ಲ ಎಷ್ಟು ಸಲ ಹೋಗುವೆವು, ಎಷ್ಟು ಮಂದಿ ಕೂರುವೆವು ಎಂಬುದರಲ್ಲಿದೆ.

ಇದು ಬರಿಯ ಊಹೆಯ ಮಾತಲ್ಲ. ಅಮೆರಿಕದ ಫ್ಲೋರಿಡಾದಲ್ಲಿ 1971ರಲ್ಲಿ ತೆರೆದ ವಾಲ್ಟ್ ಡಿಸ್ನಿ ವರ್ಲ್ಡ್ ಎಂಬ ಪ್ರಸಿದ್ಧ ವಿಹಾರಸ್ಥಳವನ್ನು, ಅಲ್ಲಿ ನೆಲಸಿರುವ ಮಕ್ಕಳ ಮನೆಗೆ ಹೋಗಿಬಂದ ನಮ್ಮ ಹಿರಿಯರಲ್ಲಿ ಅನೇಕರು ನೋಡಿದ್ದಾರೆ. ಅಲ್ಲಿ ‘ಟೇಬಲ್ಸ್ ಇನ್ ವಂಡರ್‌ಲ್ಯಾಂಡ್’ ಎಂಬ ಊಟದ ಕಾರ್ಡೊಂದು ಬಹುಕಾಲ ನಡೆಯಿತು. ರಿಯಾಯಿತಿ ನೂರಕ್ಕೆ 20. ಅದರ ಕಡೆಯ ವರ್ಷಗಳಲ್ಲಿ, ಉದ್ಯಾನದ ವಾರ್ಷಿಕ ಪ್ರವೇಶಪತ್ರವುಳ್ಳವರಿಗೆ ಬೆಲೆ 150 ಡಾಲರು, ಆ ಪತ್ರವಿಲ್ಲದ ಫ್ಲೋರಿಡಾ ನಿವಾಸಿಗಳಿಗೆ 175 ಡಾಲರು. ಮೇಲಿನ ಲೆಕ್ಕದಂತೆ, ಕಾರ್ಡಿನ ಹಣ ಹಿಂದಿರುಗಬೇಕಾದರೆ ವರ್ಷದಲ್ಲಿ 750 ಇಲ್ಲವೆ 875 ಡಾಲರಿನಷ್ಟು ಉಣ್ಣಬೇಕಾಗಿತ್ತು. ಇದರೊಡನೆ ಬಡಿಸುವವರ ಭಕ್ಷೀಸೆಂದು ನೂರಕ್ಕೆ 18ನ್ನು ಬಿಲ್ಲಿಗೆ ತಾನಾಗಿಯೇ ಸೇರಿಸುತ್ತಿದ್ದರು. ಕೆಲವು ಹಬ್ಬದ ದಿನಗಳಲ್ಲಿ ಕಾರ್ಡು ನಡೆಯುತ್ತಿರಲಿಲ್ಲ. ಆದರೆ ಇವೆಲ್ಲಕ್ಕಿಂತಲೂ ಗಮನಿಸತಕ್ಕ ಅಂಶವೊಂದಿದೆ. ಆ ಕಾರ್ಡನ್ನು ದೂರದಿಂದ ಒಮ್ಮೆ ಬಂದುಹೋಗುವ ಯಾತ್ರಿಕನಿಗೆ ಮಾರುತ್ತಲೇ ಇರಲಿಲ್ಲ. ಪದೇ ಪದೇ ಬರುವವರಿಗೂ, ಆ ಪ್ರಾಂತದಲ್ಲೇ ಇರುವವರಿಗೂ ಮಾತ್ರ ಅದು ದೊರೆಯುತ್ತಿತ್ತು. ಇಂಥ ಕಾರ್ಡು ಯಾರಿಗೆ ತಕ್ಕದ್ದೆಂಬ ಪ್ರಶ್ನೆಗೆ ಮಾರುವವರೇ ಉತ್ತರವನ್ನು ಬರೆದಿಟ್ಟಂತಿತ್ತು. 2020ರಲ್ಲಿ ಕೊರೋನಾ ಮಾರಿಯಿಂದ ಉದ್ಯಾನವೇ ಮುಚ್ಚಿತು; ತೆರೆದ ಮೇಲೆ ಆ ಕಾರ್ಡು ಮತ್ತೆ ಮಾರಾಟಕ್ಕೆ ಬರಲಿಲ್ಲ.

ಈ ಕಡೆಯ ಸಂಗತಿಯು ಕುಂತೂರಿನ ಕಬ್ಬಿನ ಬೆಳೆಗಾರನಿಗೆ ಪಟ್ಟಣಿಗನಿಗಿಂತ ಬೇಗ ಅರ್ಥವಾಗುವುದು. ಹನ್ನೆರಡು ತಿಂಗಳು ನೀರು ಕಟ್ಟಿ ಬೆಳೆಸಿದ ಕಬ್ಬನ್ನು ಅವನು ಮೊದಲು ಒಪ್ಪಿಸುವನು, ಹಣ ಆಮೇಲೆ. ಹೀಗೆ ಮೊದಲು ಕೊಟ್ಟವನಿಗೆ ರಕ್ಷಣೆ ಬೇಕೆಂದೇ 1966ರ ಕಬ್ಬು ನಿಯಂತ್ರಣ ಆಜ್ಞೆಯು 14 ದಿನಗಳೊಳಗೆ ಹಣ ಸಲ್ಲಬೇಕೆಂದೂ, ತಡವಾದರೆ ವರ್ಷಕ್ಕೆ ನೂರಕ್ಕೆ 15ರಂತೆ ಬಡ್ಡಿ ಸೇರಬೇಕೆಂದೂ ವಿಧಿಸಿದೆ. ಊಟದ ಕಾರ್ಡನ್ನು ಕೊಳ್ಳುವವನೂ ಮೊದಲು ಕೊಟ್ಟು ಆಮೇಲೆ ಪಡೆಯುವವನೇ. ಅವನು ಭೋಜನಾಲಯಕ್ಕೆ ಸಾಲ ಕೊಟ್ಟವನೆಂದರೂ ಸಲ್ಲುತ್ತದೆ. ಆದರೆ ಅವನು ಹೋಗದೆ ಉಳಿದ ವರ್ಷಕ್ಕೆ ಬಡ್ಡಿಯೂ ಇಲ್ಲ, ಅಸಲೂ ಇಲ್ಲ. ಮಳೆ ಹೆಚ್ಚಿ ಪ್ರಯಾಣ ನಿಂತರೂ, ಮಗುವಿಗೆ ಜ್ವರ ಬಂದರೂ, ಪರೀಕ್ಷೆ ಅಡ್ಡ ಬಂದರೂ ಕಾರ್ಡಿನ ಅವಧಿ ಮಾತ್ರ ಓಡುತ್ತಲೇ ಇರುವುದು. 2025–26ರ ಹಂಗಾಮಿಗೆ ಕೇಂದ್ರ ಸರ್ಕಾರವು ನೂರಕ್ಕೆ 10.25ರ ಸಕ್ಕರೆ ಇಳುವರಿಗೆ ಗೊತ್ತುಮಾಡಿದ ಕಬ್ಬಿನ ಬೆಲೆ ಕ್ವಿಂಟಾಲಿಗೆ 355 ರೂಪಾಯಿ. ಆ ಲೆಕ್ಕದಲ್ಲಿ 1000 ರೂಪಾಯಿಯೆಂದರೆ, ಕಡಿತ ಸಾಗಾಟದ ಕೂಲಿಯನ್ನು ಕಳೆಯುವುದಕ್ಕೆ ಮುಂಚೆಯೇ, ಸುಮಾರು 280 ಕಿಲೋಗ್ರಾಂ ಕಬ್ಬು. ಅಷ್ಟು ಕಬ್ಬನ್ನು ಯಾರಿಗಾದರೂ ಮುಂಗಡವಾಗಿ ಕೊಡುವಾಗ ಕೇಳುವ ಪ್ರಶ್ನೆಗಳನ್ನು ಕಾರ್ಡಿನ ವಿಷಯದಲ್ಲಿಯೂ ಕೇಳುವುದು ತಪ್ಪಲ್ಲ.

ಆ ಪ್ರಶ್ನೆಗಳು ಇವು. ರಿಯಾಯಿತಿಯು ಕಾರ್ಡಿನಲ್ಲಿ ಹೆಸರಿರುವವನಿಗೆ ಮಾತ್ರವೋ, ಅವನೊಡನೆ ಕುಳಿತವರಿಗೆಲ್ಲವೋ? ಉದ್ಯಾನದ ಎಲ್ಲ ಅಂಗಡಿಗಳಲ್ಲಿಯೂ ನಡೆಯುವುದೋ, ಒಂದೆರಡರಲ್ಲಿ ಮಾತ್ರವೋ? ಐಸ್‌ಕ್ರೀಮು, ನೀರಿನ ಸೀಸೆ, ಹಣ್ಣಿನ ರಸ ಮೊದಲಾದ ಮಕ್ಕಳು ಕೇಳುವ ಪದಾರ್ಥಗಳು ಅದರಲ್ಲಿ ಸೇರಿವೆಯೋ? ಭಾನುವಾರ, ದಸರೆ, ಬೇಸಗೆಯ ರಜ, ಅಂದರೆ ನಾವು ಹೋಗಬಹುದಾದ ದಿನಗಳಲ್ಲಿಯೇ, ಕಾರ್ಡಿಗೆ ತಡೆಯಿದೆಯೋ? ಬಿಲ್ಲಿನಲ್ಲಿ ಸೇವಾಶುಲ್ಕವೆಂದು ಏನಾದರೂ ಸೇರುವುದೋ? ಹೋಟೆಲುಗಳು ಸೇವಾಶುಲ್ಕವನ್ನು ತಾವಾಗಿ ಬಿಲ್ಲಿಗೆ ಸೇರಿಸಬಾರದೆಂದು ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರವು 2022ರ ಜುಲೈ ತಿಂಗಳಲ್ಲಿ ನಿರ್ದೇಶಿಸಿದೆ. ಬೇಡವೆನ್ನಲು ಗ್ರಾಹಕನು ಸಂಕೋಚಪಡಬೇಕಾಗಿಲ್ಲ. ಈ ಪ್ರಶ್ನೆಗಳಲ್ಲಿ ಎರಡಕ್ಕೆ ಪ್ರತಿಕೂಲವಾದ ಉತ್ತರ ಬಂದರೂ, ನೂರಕ್ಕೆ 20 ಎಂಬುದು ನಿಜದಲ್ಲಿ ನೂರಕ್ಕೆ 10ಕ್ಕಿಂತ ಕೆಳಗೆ ಇಳಿದಿರಬಹುದು.

ಇನ್ನೊಂದು ಸೂಕ್ಷ್ಮವಿದೆ. ರಿಯಾಯಿತಿಯೆಂಬುದು ಯಾವ ಬೆಲೆಯ ಮೇಲೆ? ಹೊರಗೆ 120 ರೂಪಾಯಿಗೆ ದೊರೆಯುವ ಊಟಕ್ಕೆ ಒಳಗೆ 300 ಎಂದಿಟ್ಟುಕೊಂಡರೆ, ರಿಯಾಯಿತಿ ಕಳೆದು 240. ಅದು ಹೊರಗಿನ ಬೆಲೆಗೆ ಎರಡರಷ್ಟೇ. ಒಳಗೇ ಉಣ್ಣಬೇಕಾದ ಮಧ್ಯಾಹ್ನದ ಒಂದು ಹೊತ್ತಿಗೆ ಇದು ಉಳಿತಾಯವೇ ಸರಿ. ಆದರೆ ಕಾರ್ಡು ಕೈಯಲ್ಲಿದೆಯೆಂಬ ಕಾರಣದಿಂದ ಸಂಜೆಯ ತಿಂಡಿಯನ್ನೂ, ರಾತ್ರಿಯ ಊಟವನ್ನೂ ಅಲ್ಲೇ ಮುಗಿಸಿದರೆ, ಉಳಿಸುವ ಹೆಸರಿನಲ್ಲಿ ಹೆಚ್ಚು ವೆಚ್ಚಮಾಡಿದಂತಾಗುವುದು. ಕಾರ್ಡಿನ ಹಣವನ್ನು ತೀರಿಸಿಕೊಳ್ಳಬೇಕೆಂಬ ಹಟದಿಂದ ಹಸಿವಿಲ್ಲದ ಮಕ್ಕಳಿಗೂ ತಿನ್ನಿಸುವ ತಂದೆತಾಯಿಗಳಿಗೆ ಕೊರತೆಯಿಲ್ಲ. ಆ ದಿನ ಸಂತೋಷಕ್ಕಾಗಿ ಬಂದವರು ಸಂತೋಷಪಡುವುದನ್ನು ಬಿಟ್ಟು ಲೆಕ್ಕ ತೀರಿಸುತ್ತ ಕೂರುವುದು ಶೋಚನೀಯವಲ್ಲವೆ?

ಹಾಗೆಂದು ಮುಂಗಡ ಚೀಟಿಗಳೆಲ್ಲವೂ ತ್ಯಾಜ್ಯವೆಂದು ತಿಳಿಯಬಾರದು. ವರ್ಷದ ಕಾರ್ಡು ಬೇರೆ, ಆ ದಿನದ ಊಟದ ಚೀಟಿ ಬೇರೆ. ಪ್ರವೇಶದ ಟಿಕೆಟ್ಟಿನೊಡನೆಯೇ ಅಂದಿನ ಮಧ್ಯಾಹ್ನದ ಊಟವನ್ನು ಸೇರಿಸಿ, ಬಿಡಿಬಿಡಿಯಾಗಿ ಕೊಳ್ಳುವುದಕ್ಕಿಂತ ಕಡಮೆ ಬೆಲೆಗೆ ಮಾರುವುದುಂಟಾದರೆ, ಅದನ್ನು ನಿಶ್ಚಿಂತೆಯಾಗಿ ಕೊಳ್ಳಬಹುದು. ಕೊಟ್ಟ ಹಣ ಅದೇ ದಿನ ಹೊಟ್ಟೆಗೆ ಸೇರುವುದು. ಕಾಯುವ ಮಾತಿಲ್ಲ, ಮರೆತುಹೋಗುವ ಭಯವಿಲ್ಲ. ಆದರೂ ಅಜ್ಜಿಗೂ ಐದು ವರ್ಷದ ಕೂಸಿಗೂ ಪೂರ್ಣ ಊಟದ ಚೀಟಿ ಬೇಕೇ ಎಂಬುದನ್ನು ನೋಡಿಕೊಂಡು, ಉಣ್ಣುವಷ್ಟು ಮಂದಿಗೆ ಮಾತ್ರ ಕೊಳ್ಳುವುದು ಜಾಣತನ.

ಮಹದೇಶ್ವರನ ಬೆಟ್ಟದ ದಾಸೋಹದಲ್ಲಿ ಎಲೆಯ ಮುಂದೆ ಕುಳಿತವನನ್ನು ಯಾವ ಕಾರ್ಡಿದೆಯೆಂದು ಯಾರೂ ಕೇಳುವುದಿಲ್ಲ. ಅಲ್ಲಿ ಉಂಡು ಬೆಳೆದ ಜನಕ್ಕೆ, ಉದ್ಯಾನದ ಬಾಗಿಲಲ್ಲಿ ಬುತ್ತಿಯನ್ನು ಬಿಟ್ಟು ಒಳಗೆ ಹೋಗುವುದು ಮೊದಲ ಸಲ ಸ್ವಲ್ಪ ಕಸಿವಿಸಿಯೆನಿಸಿದರೆ ಆಶ್ಚರ್ಯವಿಲ್ಲ. ಆದರೆ ಉದ್ಯಾನವು ವ್ಯಾಪಾರದ ಸ್ಥಳ. ಅದರಲ್ಲಿ ದಾಸೋಹವನ್ನು ನಿರೀಕ್ಷಿಸುವುದು ನ್ಯಾಯವಲ್ಲ. ವ್ಯಾಪಾರವನ್ನು ವ್ಯಾಪಾರದ ಕಣ್ಣಿನಿಂದಲೇ ನೋಡಿದರೆ ಸಾಕು.

ಆದುದರಿಂದ ಕುಂತೂರಿನಂಥ ಊರುಗಳಿಂದ ವರ್ಷಕ್ಕೆ ಒಂದೆರಡು ಸಲ ಹೊರಡುವ ಗೃಹಸ್ಥರಿಗೆ ನಮ್ಮ ಸೂಚನೆ ಇಷ್ಟೇ. ವರ್ಷದ ರಿಯಾಯಿತಿ ಕಾರ್ಡನ್ನು ಕೊಳ್ಳಬೇಡಿರಿ. ಬೆಳಗ್ಗೆ ಮನೆಯಲ್ಲಿಯೇ ಹೊಟ್ಟೆ ತುಂಬ ತಿಂಡಿ ತಿಂದು ಹೊರಡಿರಿ. ಬುತ್ತಿ ಕಟ್ಟಿದ್ದರೆ, ಒಳಗೆ ಹೋಗುವುದಕ್ಕೆ ಮುಂಚೆ ನೆರಳು ಸಿಕ್ಕಿದೆಡೆ ಬಿಚ್ಚಿ ಮುಗಿಸಿರಿ. ಮಧ್ಯಾಹ್ನ ಒಂದು ಹೊತ್ತು ಒಳಗೆ ನಗದು ಕೊಟ್ಟು ಉಣ್ಣಿರಿ. ಸಂಜೆಗೆ ಹೊರಕ್ಕೆ ಬಂದು, ಮೈಸೂರಿನ ಯಾವುದಾದರೂ ಸಾಧಾರಣ ಹೋಟೆಲಿನಲ್ಲಿ ದೋಸೆ ಕಾಫಿ ಮುಗಿಸಿ ಕೊಳ್ಳೇಗಾಲದ ಬಸ್ಸು ಹಿಡಿಯಿರಿ. ತಿಂಗಳಿಗೊಮ್ಮೆ ಹೋಗುವಷ್ಟು ಹತ್ತಿರವಿದ್ದು, ದೊಡ್ಡ ಪರಿವಾರವೂ ಉಳ್ಳವರು ಮಾತ್ರ, ಮೇಲಿನ ಪ್ರಶ್ನೆಗಳಿಗೆಲ್ಲ ಬರಹದಲ್ಲಿ ಉತ್ತರ ಪಡೆದು ಕೊಳ್ಳಬಹುದು. ಕಾರ್ಡಿಗೆ ಕೊಡದೆ ಉಳಿದ ಹಣದಲ್ಲಿ ಮಕ್ಕಳು ಕೇಳಿದ ಇನ್ನೊಂದು ಐಸ್‌ಕ್ರೀಮಿಗೆ ಬೇಡವೆನ್ನದಿದ್ದರೆ, ಅವರು ಆ ದಿನವನ್ನು ಮುಂದಿನ ಹಂಗಾಮಿನವರೆಗೂ ನೆನೆಯುವರು.