ಮುಚ್ಚಳ ಇದೆಯೋ ಇಲ್ಲವೋ

ಬಸವನಹುಳು ಕೈಗೆ ಸಿಕ್ಕರೆ ನಾನು ಮೊದಲು ನೋಡುವುದು ಅದರ ಬಾಯಿ. ಚಿಪ್ಪಿನ ತುದಿ ಮೇಲಕ್ಕೆ, ಬಾಯಿ ನನ್ನ ಕಡೆಗೆ ಬರುವಂತೆ ಹಿಡಿಯುತ್ತೇನೆ. ಬಾಯಿ ಬಲಕ್ಕಿದ್ದರೆ ಬಲಮುರಿ, ಎಡಕ್ಕಿದ್ದರೆ ಎಡಮುರಿ. ಆಮೇಲೆ ಆ ಬಾಯಿಗೆ ಮುಚ್ಚಳ ಇದೆಯೋ ಇಲ್ಲವೋ. ಇಷ್ಟಕ್ಕೇ ಅರ್ಧ ಲೆಕ್ಕ ಮುಗಿಯುತ್ತದೆ. ನನಗೆ ರುಚಿ ಇರುವುದು ಉಳಿದರ್ಧದಲ್ಲಿ.

ಮೂಡಲಗಿ ಕಡೆ ಕಾಲುವೆಯ ನೀರು ನಿಂತ ಮೇಲೆ ತಳದ ಕೆಸರಲ್ಲಿ ಕೂತು ಹುಡುಕುವುದೆಂದರೆ ನನಗೆ ಊಟ ಬೇಡ. ಎಮ್ಮೆ ಹೊಡೆದುಕೊಂಡು ಹೋಗುವವರು ನಿಂತು ಕೇಳುತ್ತಾರೆ: "ಏನ್ರಿ ಸರ, ಏನರ ಕಳಕೊಂಡೀರೇನು?" ಅವರಿಗೆ ಇಂಡೋಪ್ಲಾನಾರ್ಬಿಸ್ ತೋರಿಸುತ್ತೇನೆ. ಚಕ್ಕುಲಿಯಂತೆ ಮಟ್ಟಸವಾಗಿ ಸುತ್ತಿಕೊಂಡ ಚಿಪ್ಪು, ಮುಚ್ಚಳವಿಲ್ಲ, ನಮ್ಮಂತೆಯೇ ಕೆಂಪು ರಕ್ತ. ದನಗಳ ಮೂಗಿನಲ್ಲಿ ಗಂಟು ಕಟ್ಟಿ ಗೊರಕೆ ರೋಗ ತರುವ ಹುಳ ಬೆಳೆಯುವುದು ಇದರ ಮೈಯೊಳಗೆ ಎಂದಾಗ ಅವರೂ ಬಗ್ಗಿ ನೋಡುತ್ತಾರೆ. ಪಕ್ಕದಲ್ಲೇ ಇರುವ ತೆಳು ಚಿಪ್ಪಿನ ಲಿಮ್ನಿಯಾಗೂ ಮುಚ್ಚಳವಿಲ್ಲ. ಅದರ ಜೊತೆಗೇ ಎಡಮುರಿಯೊಂದು ಸಿಕ್ಕರೆ ಅದು ಫೈಸಾ, ಉತ್ತರ ಅಮೆರಿಕದಿಂದ ಬಂದು ಇಲ್ಲೇ ತಳವೂರಿದ್ದು.

ನನ್ನ ಅಚ್ಚುಮೆಚ್ಚಿನದು ಬೆಲ್ಲಾಮಿಯಾ. ಹಸಿರುಗಂದು ಚಿಪ್ಪಿನ ಸುತ್ತ ಕಪ್ಪು ಗೆರೆಗಳು. ಮುಟ್ಟಿದೊಡನೆ ಒಳಗೆ ಸರಿದು ಬಾಗಿಲು ಹಾಕಿಕೊಳ್ಳುತ್ತದೆ. ಆ ಮುಚ್ಚಳವನ್ನು ಮಸೂರದಡಿ ಹಿಡಿದರೆ ಒಂದರೊಳಗೊಂದು ಉಂಗುರ. ಸುರುಳಿಯಲ್ಲ, ಉಂಗುರ! ಉದ್ದನೆಯ ಗೋಪುರದಂಥ ಮೆಲನಾಯ್ಡಿಸ್‌ನ ಮುಚ್ಚಳ ಸುರುಳಿ ಸುತ್ತುತ್ತದೆ. ಎರಡೂ ಮರಿ ಹಾಕುವ ಜಾತಿ. ಚಿಪ್ಪು ಹೊತ್ತೇ ಹುಟ್ಟುವ ಬೆಲ್ಲಾಮಿಯಾದ ಮರಿಯನ್ನು ಉಗುರಿನ ಮೇಲಿಟ್ಟುಕೊಂಡು ನೋಡುವ ಸುಖವೇ ಬೇರೆ.

ಆದರೆ ಚಿಪ್ಪನ್ನೇ ಪೂರ್ತಿ ನಂಬುವಂತಿಲ್ಲ. ಹುಕ್ಕೇರಿ ತಾಲೂಕಿನ ಹಿಡಕಲ್ ಹಿನ್ನೀರಿನಲ್ಲಿ ಚೂಪಾಗಿರುವ ತುದಿ, ಹರಿಯುವ ನೀರಲ್ಲಿ ಸವೆದು ಮೊಂಡಾಗಿರುತ್ತದೆ. ಹುಳು ಮಾತ್ರ ಅದೇ. ಹೊಸ ಜಾತಿ ಎಂದು ಹೇಳಬೇಕಾದರೆ ಒಳಗಿನ ಸಾಕ್ಷಿ ಬೇಕು. ಪಶ್ಚಿಮ ಘಟ್ಟದ ಕ್ರೆಮ್ನೋಕಾಂಕಸ್ ಎಂಬ ಬಸವನಹುಳುವಿನ ಕತೆ ನನ್ನನ್ನು ಹಿಡಿದಿಟ್ಟಿರುವುದು ಅದಕ್ಕೇ. ಇದರ ನೆಂಟರೆಲ್ಲ ಕಡಲಿನವರು, ಕಾರವಾರದ ಬಂಡೆಗಳ ಮೇಲೆ ಅಲೆ ಸಿಡಿಯುವಲ್ಲಿ ಅಂಟಿಕೊಂಡಿರುವ ಲಿಟೋರಿನಿಡೇ ಕುಟುಂಬದವರು. ಇದೊಂದು ಮಾತ್ರ ಘಟ್ಟದ ಸಿಹಿನೀರಿನ ಬಂಡೆಗೆ ಒಗ್ಗಿಕೊಂಡಿದೆ. 1869ರಲ್ಲಿ ಈ ಕುಲಕ್ಕೆ ಹೆಸರಿಟ್ಟವರು ಭೂವಿಜ್ಞಾನಿ ಬ್ಲಾನ್‌ಫರ್ಡ್. 2013ರಲ್ಲಿ ಲಂಡನ್ನಿನ ಡೇವಿಡ್ ರೀಡ್, ಬೆಂಗಳೂರಿನ ಎನ್.ಎ. ಅರವಿಂದ, ಉಡುಪಿಯ ಎನ್.ಎ. ಮಧ್ಯಸ್ಥ ಸೇರಿ ಒಂದೇ ಪ್ರಬಂಧದಲ್ಲಿ ಆರು ಹೊಸ ಜಾತಿಗಳನ್ನು ವಿವರಿಸಿದರು, ಒಟ್ಟು ಒಂಬತ್ತಾದವು. ಆಗುಂಬೆಯ ಹೆಸರು ಹೊತ್ತದ್ದೂ ಒಂದು, ಹನುಮನ ಹೆಸರಿನದೂ ಒಂದು. ಚಿಪ್ಪಿನ ಆಕಾರವಷ್ಟೇ ಅಲ್ಲ, ನಾಲಗೆಯ ಮೇಲೆ ಸಾಲಿಗೆ ಏಳರಂತೆ ಜೋಡಿಸಿದ ಸೂಕ್ಷ್ಮ ಹಲ್ಲುಗಳು, ಜನನಾಂಗದ ರಚನೆ, ಎಲ್ಲವನ್ನೂ ಒಂದಕ್ಕೊಂದು ಹೋಲಿಸಿ ನೋಡಿದರು. ಬೆರಳ ತುದಿಯಲ್ಲಿ ಕೂರುವ ಜೀವಿಗೆ ಇಷ್ಟು ಗಮನ ಕೊಟ್ಟ ಕೆಲಸದ ಮೇಲೆ ನನಗೆ ಗೌರವ ಮಾತ್ರವಲ್ಲ, ಪ್ರೀತಿ ಇದೆ.

ಗೋಕಾಕ ಜಲಪಾತದಲ್ಲಿ ಇವು ಇರಲಾರವು. ಮಳೆಗಾಲದಲ್ಲಿ ಘಟಪ್ರಭೆ 52 ಮೀಟರ್ ಕೆಳಕ್ಕೆ ಧುಮುಕಿದರೂ ಬೇಸಿಗೆಯಲ್ಲಿ ಬಂಡೆ ಕಾದು ಹೆಂಚಾಗುತ್ತದೆ. ಇವಕ್ಕೆ ಬೇಕಾದದ್ದು ಎಂದೂ ಆರದ ಬಂಡೆ. ಒಂದು ಗುಂಪು ಇರುವುದು ಮಹಾರಾಷ್ಟ್ರದ ಘಟ್ಟದಲ್ಲಿ, ಇನ್ನೊಂದು ನಮ್ಮ ಮಲೆನಾಡಿನಲ್ಲಿ. ನಡುವೆ ಸುಮಾರು 500 ಕಿ.ಮೀ. ಖಾಲಿ. ಸಂಕೇಶ್ವರ ದಾಟಿ ಘಟಪ್ರಭೆ ಸೇರುವ ನಮ್ಮ ಹಿರಣ್ಯಕೇಶಿ ಹುಟ್ಟುವ ಅಂಬೋಲಿ ಆ ಖಾಲಿ ಜಾಗದಲ್ಲೇ ಇದೆ. ಅಲ್ಲಿನ ಉಗಮದ ಕೊಳದಲ್ಲೇ 2020ರಲ್ಲಿ ಹೊಸ ಮೀನೊಂದು ಗೊತ್ತಾಗಿ, ಅದಕ್ಕೆ ಹೊಳೆಯ ಹೆಸರನ್ನೇ ಇಟ್ಟರು. ಮೀನು ಇಷ್ಟು ತಡವಾಗಿ ಕಣ್ಣಿಗೆ ಬಿದ್ದಿದ್ದರೆ ಹುಳುವನ್ನು ಯಾರು ನೋಡಿದ್ದಾರು?

ಹೋಗುವುದಾದರೆ ಏಪ್ರಿಲ್‌ನಲ್ಲೇ ಹೋಗಬೇಕು. ಶ್ರಾವಣದಲ್ಲಿ ಅಂಬೋಲಿಯ ಕಲ್ಲೆಲ್ಲ ಒದ್ದೆ. ಬಿರುಬೇಸಿಗೆಯಲ್ಲೂ ಜಿನುಗುವ ಬಂಡೆ ಯಾವುದೋ ಅದರ ಬುಡದಲ್ಲಿ ಮಸೂರ ಹಿಡಿದು ಕೂರಬೇಕು. ಸಿಕ್ಕರೂ ಅನುಮತಿಯಿಲ್ಲದೆ ಎತ್ತಿಕೊಳ್ಳುವಂತಿಲ್ಲ. ಬಾಯಿ, ಮುಚ್ಚಳ, ಸುತ್ತುಗಳ ನಡುವಿನ ಗೀರು ಕಾಣುವಂತೆ ಫೋಟೋ ತೆಗೆದು ಬಲ್ಲವರಿಗೆ ಕಳಿಸುತ್ತೇನೆ.