ಚೆಂಡಿಗೆ ಅರಗು
ನಮ್ಮ ದೊಡ್ಡಬಳ್ಳಾಪುರದಲ್ಲಿ ಮರ ನುಣುಪಾದಷ್ಟೂ ಬೆಲೆ. ಮಗ್ಗದ ಲಾಳಿ ಹಾಸಿನ ನಡುವೆ ಸರ್ರನೆ ಜಾರಬೇಕು. ಎಲ್ಲೋ ಒಂದು ಸಿಬಿರು ಎದ್ದರೂ ರೇಷ್ಮೆ ಎಳೆ ಹರಿಯುತ್ತದೆ. ನಾನು ಮನಸೋತ ಕೆಂಡಾಮಾ ಚೆಂಡಿನದು ಇದಕ್ಕೆ ತದ್ವಿರುದ್ಧ. ಅದು ಜಾರಬಾರದು, ಕೂರಬೇಕು.

ಕೆಂಡಾಮಾ ಜಪಾನಿನ ಆಟಿಕೆ. ಮರದ ಹಿಡಿ, ಅದಕ್ಕೆ ಮೂರು ಬಟ್ಟಲು, ತುದಿಗೆ ಮೊನೆ, ದಾರಕ್ಕೆ ಕಟ್ಟಿದ ತೂತಿನ ಚೆಂಡು. ಇದರ ಈಗಿನ ರೂಪವನ್ನು 1919ರಲ್ಲಿ ನೋಂದಾಯಿಸಿದವರು ಹಿರೋಷಿಮಾ ಸೀಮೆಯ ಎಗುಸಾ ಹಮಾಜಿ. ಚೆಂಡನ್ನು ಬಟ್ಟಲಿಗೆ ಹಾರಿಸಿಕೊಳ್ಳುವುದು ಮಕ್ಕಳಿಗೂ ಬೇಗ ಒಲಿಯುತ್ತದೆ. ಕಷ್ಟ ಇರುವುದು ದೀಪಸ್ತಂಭವೆಂಬ ಪಟ್ಟಿನಲ್ಲಿ: ಚೆಂಡನ್ನು ಕೈಯಲ್ಲಿ ಹಿಡಿದು, ಹಿಡಿಯನ್ನು ಮೇಲಕ್ಕೆಳೆದು, ಅದರ ಬುಡದ ಬಟ್ಟಲು ಚೆಂಡಿನ ನೆತ್ತಿಯ ಮೇಲೆ ನೆಟ್ಟಗೆ ನಿಲ್ಲಬೇಕು. ಆಗ ಗೊತ್ತಾಗುತ್ತದೆ, ಮೇಲಿನ ಲೇಪ ಬರಿಯ ಅಲಂಕಾರವಲ್ಲ ಎಂದು.

ಬರಿ ಮರ ಹಿತವಾಗಿ ಹಿಡಿಯುತ್ತದೆ, ಆದರೆ ಕೈಬೆವರು ಕುಡಿದು ಕಪ್ಪಾಗುತ್ತದೆ. ಅಗಸೆ ಎಣ್ಣೆ ಚೆಂದ, ಒಣಗಲು ಮಾತ್ರ ಬಹಳ ತಾಳ್ಮೆ ಕೇಳುತ್ತದೆ. ಎನಾಮಲ್ ಪೇಂಟ್ ನನಗೆ ಸೇರದು. ಮೊನೆ ಬಂದು ಬಡಿಯುವ ತೂತಿನ ಅಂಚಿನಲ್ಲಿ ಅದು ಚಕ್ಕೆಚಕ್ಕೆಯಾಗಿ ಏಳುತ್ತದೆ.

ಉಳಿದದ್ದು ಅರಗು. ಅದಕ್ಕೆ ಚನ್ನಪಟ್ಟಣಕ್ಕೇ ಹೋಗಬೇಕು. ಅಲ್ಲಿನ ಆಲೆ ಮರ ಬೆಳ್ಳಗೆ, ಒತ್ತಾದ ಎಳೆಯದು. ಉಳಿಗೆ ಬೆಣ್ಣೆಯ ಹಾಗೆ ಸಿಗುತ್ತದೆ. ಕಡೆಯುವ ಯಂತ್ರದಲ್ಲಿ ಚೆಂಡು ಗಿರ್ರನೆ ತಿರುಗುತ್ತಿರುವಾಗ ಬಣ್ಣದ ಅರಗಿನ ಕಡ್ಡಿಯನ್ನು ಒತ್ತುತ್ತಾರೆ. ಬೆಂಕಿಯಿಲ್ಲ, ಕುಂಚವಿಲ್ಲ. ಉಜ್ಜಿದ ಕಾವಿಗೇ ಅರಗು ಕರಗಿ, ಮೊದಲು ಒಂದು ಗೆರೆಯಾಗಿ, ಆಮೇಲೆ ಪಟ್ಟಿಯಾಗಿ ಮರವನ್ನು ಸುತ್ತಿಕೊಳ್ಳುತ್ತದೆ. ಕೊನೆಗೆ ತಾಳೆಗರಿ ಒತ್ತಿದರೆ ಬಣ್ಣ ಸಮನಾಗಿ ಹರಡಿ ಫಳಫಳ ಹೊಳೆಯುತ್ತದೆ. ಎಷ್ಟು ನೋಡಿದರೂ ತಣಿಯದ ಕ್ಷಣ ಅದು.

ಆ ಹೊಳಪೇ ನನಗೆ ತೊಡಕು. "ಭಾಯ್, ಗರಿ ಜಾಸ್ತಿ ಒತ್ತಬೇಡಿ, ಮಂಕಾಗಿರಲಿ" ಎಂದೆ, ನನ್ನ ಚೆಂಡು ಕಡೆಯುತ್ತಿದ್ದವರಿಗೆ.

"ಮಿಂಚದಿದ್ರೆ ಯಾರು ತಗೋತಾರೆ ಸಾರ್?" ಎಂದರು. ಚೆಂಡನ್ನು ಹಿಡಿಯ ಬಟ್ಟಲಲ್ಲಿಟ್ಟು ಓಲಾಡಿಸಿ ತೋರಿಸಿದೆ. ಅವರೂ ಓಲಾಡಿಸಿ ನೋಡಿದರು. ಮತ್ತೆ ಯಂತ್ರ ಓಡಿಸಿ, ತೀರಾ ನಯವಾದ ಉಪ್ಪುಕಾಗದವನ್ನು ಹೂವಿನ ಹಾಗೆ ಸವರಿದರು. ಹೊಳಪು ಇಳಿಯಿತು, ಅರಿಶಿನದ ಹಳದಿ ಮಾತ್ರ ಹಾಗೇ ಉಳಿಯಿತು. ಈಗ ಬೆರಳು ಆಡಿಸಿದರೆ ಚೆಂಡು ತುಸು ತಡೆಯುತ್ತದೆ, ಅಂಟುವುದಿಲ್ಲ. ದೀಪಸ್ತಂಭಕ್ಕೆ ಇಷ್ಟು ಸಾಕು.

ನೀವೂ ಮಾಡಿಸುವುದಾದರೆ ಬಣ್ಣ ಯಾವುದಾದರೂ ಆಗಲಿ, ಹೊಳಪು ಇಳಿಸಿಯೇ ತನ್ನಿ. ಬಿಸಿಲಲ್ಲಿ ನಿಲ್ಲಿಸಿದ ಕಾರಿನಲ್ಲಿ ಬಿಟ್ಟು ಹೋಗಬೇಡಿ, ಕಾವಿಗೆ ಅರಗು ಮೆತ್ತಗಾಗುತ್ತದೆ. ಸ್ಯಾನಿಟೈಸರ್ ಹಚ್ಚಿದ ಹಸಿ ಕೈಯಲ್ಲಿ ಮುಟ್ಟಲೂ ಬೇಡಿ. ಸ್ಪಿರಿಟ್ ತಗುಲಿದರೆ ಅದು ಕರಗುತ್ತದೆ.